ಗಲ್ಲಾಪೆಟ್ಟಿಗೆಯ ತಾಲೀಮು



ಅಂತರಜಾಲದಲ್ಲಿ ಅಂಗಡಿ ತೆರೆಯುವ ಹುಮ್ಮಸ್ಸು ಈಗ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಮಲೆನಾಡಿನ ಜೇನುತುಪ್ಪ ಇವೆಲ್ಲ ಮನೆಯಲ್ಲೇ ಕುಳಿತು ಕೊಳ್ಳಬಹುದಾದ ವಸ್ತುಗಳಾಗಿವೆ. ಆದರೆ ಒಂದು ವಿಚಿತ್ರವನ್ನು ನಾನು ಗಮನಿಸಿದ್ದೇನೆ. ಅಂಗಡಿಯ ಚಿತ್ರ, ಬಣ್ಣ, ಅಕ್ಷರ ಇವುಗಳಿಗಾಗಿ ತಿಂಗಳುಗಟ್ಟಲೆ ದುಡಿಯುವವರು ಹಣ ಪಡೆಯುವ ಭಾಗವನ್ನು ಮಾತ್ರ ಕೊನೆಯ ಸಂಜೆಗೆ ಬಿಟ್ಟಿರುತ್ತಾರೆ. ಆ ಸಂಜೆ ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಪಾವತಿ ವಿಫಲ' ಎಂದು ಬರುತ್ತದೆ. ಏಕೆ ವಿಫಲ, ಎಲ್ಲಿ ವಿಫಲ, ಯಾರ ಕಡೆಯಿಂದ ವಿಫಲ? ಅದನ್ನು ಆ ಸಾಲು ಹೇಳುವುದಿಲ್ಲ. ಅದನ್ನು ಪತ್ತೆ ಹಚ್ಚುವ ಬಗೆ ಹೇಗೆಂಬುದೇ ಇಂದಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾಗರದ ಕಡೆಯ ಒಂದು ಮಹಿಳಾ ಸಂಘವೆಂದು ಊಹಿಸಿಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾರೆ. ಬಾಟಲಿಗೆ 350 ರೂಪಾಯಿ. ಊರಿನದೇ ಹುಡುಗಿಯೊಬ್ಬಳು, ಇಂಜಿನಿಯರಿಂಗ್ ಓದಿದವಳು, ಇವರಿಗಾಗಿ ಜಾಲತಾಣ ಕಟ್ಟಿಕೊಟ್ಟಿದ್ದಾಳೆ. ಮಿಡಿಯ ಕಾಲ ಚಿಕ್ಕದು, ಹಾಕಿದ ಬಂಡವಾಳ ಸಾಲದ್ದು. ಮೊದಲ ದಿನವೇ ಹತ್ತು ಜನರ ಹಣ ಕಡಿತವಾಗಿ, ಸಂಘದ ಪುಸ್ತಕದಲ್ಲಿ ಒಂದು ಆರ್ಡರೂ ಕಾಣದಿದ್ದರೆ ಏನಾದೀತು? ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕುಳಿತ ಗಿರಾಕಿಗೆ ಸರ್ವರ್, ಸಾಫ್ಟ್‌ವೇರ್ ಎಂಬ ಸಬೂಬು ಬೇಕಿಲ್ಲ. ಅವನ ಪಾಲಿಗೆ 'ಆ ಹೆಂಗಸರು ದುಡ್ಡು ತಿಂದರು', ಅಷ್ಟೇ.

ಮೊದಲು ಹಣದ ದಾರಿಯನ್ನು ನೋಡಿ. ಗಿರಾಕಿ 'ಕೊಳ್ಳುತ್ತೇನೆ' ಎಂದು ಒತ್ತಿದಾಗ ಅಂಗಡಿಯ ಸರ್ವರ್ ಪೇಮೆಂಟ್ ಗೇಟ್‌ವೇಗೆ 'ಇಷ್ಟು ಮೊತ್ತದ ಆರ್ಡರ್ ತೆರೆಯಿರಿ' ಎಂದು ಕೇಳುತ್ತದೆ. ಗೇಟ್‌ವೇ ಅದಕ್ಕೊಂದು ಆರ್ಡರ್ ಸಂಖ್ಯೆ ಕೊಡುತ್ತದೆ. ಗಿರಾಕಿಯ ಪರದೆಯಲ್ಲಿ ಹಣ ಕೊಡುವ ಕಿಟಕಿ ತೆರೆಯುತ್ತದೆ. ಕಾರ್ಡ್ ಆದರೆ ವೀಸಾ, ಮಾಸ್ಟರ್‌ಕಾರ್ಡ್ ಅಥವಾ 2012ರಲ್ಲಿ ಬಂದ ನಮ್ಮದೇ ರುಪೇ ಜಾಲದ ಮೂಲಕ, ಯುಪಿಐ ಆದರೆ 2016ರಿಂದ ರಾಷ್ಟ್ರೀಯ ಪಾವತಿ ನಿಗಮ ನಡೆಸುತ್ತಿರುವ ವ್ಯವಸ್ಥೆಯ ಮೂಲಕ ಕೋರಿಕೆ ಗಿರಾಕಿಯ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಹೂಂ ಎಂದರೆ ಆ ಉತ್ತರ ಬಂದ ದಾರಿಯಲ್ಲೇ ಹಿಂದಿರುಗಿ ಅಂಗಡಿಯನ್ನು ಮುಟ್ಟಬೇಕು. ಇಷ್ಟು ಕೊಂಡಿಗಳಲ್ಲಿ ಯಾವುದು ಕಳಚಿದರೂ ಗಿರಾಕಿಗೆ ಕಾಣುವುದು ಅದೇ ಒಂದು ಕೆಂಪು ಸಾಲು.

ನಮ್ಮ ಸ್ಟುಡಿಯೋದಲ್ಲಿ ಚಿತ್ರ ಬಾರದಿದ್ದರೆ ಕ್ಯಾಮೆರಾ ಬಿಚ್ಚಲು ಯಾರೂ ಹೋಗುವುದಿಲ್ಲ. ಮೊದಲು ಕಲರ್ ಬಾರ್ ಹಾಕಿ ನೋಡುತ್ತಾರೆ. ಬಣ್ಣದ ಪಟ್ಟಿಗಳು ಮಾನಿಟರಿನಲ್ಲಿ ಸರಿಯಾಗಿ ಕಂಡರೆ ಅಲ್ಲಿಂದ ಮುಂದಿನ ದಾರಿ ಚೆನ್ನಾಗಿದೆ, ತೊಂದರೆ ಹಿಂದಿದೆ ಎಂದು ಲೆಕ್ಕ. ಗೇಟ್‌ವೇಯವರೂ ಇಂಥದೇ ಒಂದು ಸೌಲಭ್ಯ ಇಟ್ಟಿದ್ದಾರೆ. ಅದರ ಹೆಸರು ಟೆಸ್ಟ್ ಮೋಡ್, ಅಂದರೆ ಪರೀಕ್ಷಾ ಸ್ಥಿತಿ. ಇಲ್ಲಿ ನಿಜವಾದ ಹಣ ಚಲಿಸುವುದಿಲ್ಲ, ನಿಜವಾದ ಬ್ಯಾಂಕಿಗೆ ಕೋರಿಕೆ ಹೋಗುವುದೂ ಇಲ್ಲ. ಉತ್ತರ ಕೊಡುವುದು ಗೇಟ್‌ವೇಯೊಳಗಿನ ಒಂದು ವೇಷಧಾರಿ ಬ್ಯಾಂಕು. ಪರೀಕ್ಷಾ ಸ್ಥಿತಿಯಲ್ಲಿ ದೋಷ ಕಂಡರೆ ಅದು ಬಹುಮಟ್ಟಿಗೆ ನಿಮ್ಮದೇ ಕಾರ್ಯಕ್ರಮದ ದೋಷ, ಗಿರಾಕಿಯ ಬ್ಯಾಂಕಿನದಲ್ಲ. ಹುಡುಕುವ ಜಾಗ ಅಲ್ಲಿಗೇ ಅರ್ಧವಾಯಿತು.

ಇನ್ನು ತಪ್ಪುಗಳ ವಿಷಯ. ಅತಿ ಸಾಮಾನ್ಯವಾದದ್ದು ಕೀಲಿಗಳದು. ಗೇಟ್‌ವೇ ನಿಮಗೆ ಎರಡು ಜೊತೆ ಕೀಲಿ ಕೊಡುತ್ತದೆ: ಪರೀಕ್ಷೆಗೆ ಒಂದು ಜೊತೆ, ನಿಜ ವ್ಯಾಪಾರಕ್ಕೆ ಇನ್ನೊಂದು. ಪ್ರತಿ ಜೊತೆಯಲ್ಲೂ ಒಂದು ಬಹಿರಂಗ, ಒಂದು ರಹಸ್ಯ. ಸರ್ವರಿನಲ್ಲಿ ಪರೀಕ್ಷೆಯ ಕೀಲಿ, ಪರದೆಯ ಪುಟದಲ್ಲಿ ನಿಜದ ಕೀಲಿ ಹೀಗೆ ಬೆರಕೆಯಾದರೆ 'ಇಂಥ ಆರ್ಡರ್ ಇಲ್ಲವೇ ಇಲ್ಲ' ಎಂಬ ಉತ್ತರ ಬರುತ್ತದೆ. ಅದು ಸತ್ಯವೇ, ಆ ಆರ್ಡರ್ ಇರುವುದು ಇನ್ನೊಂದು ಲೋಕದಲ್ಲಿ. ಕೀಲಿಯೇ ತಪ್ಪಿದ್ದರೆ 401 ಎಂಬ ಸಂಖ್ಯೆ ಬರುತ್ತದೆ; ಎಷ್ಟೋ ಸಲ ಕೀಲಿಯನ್ನು ನಕಲು ಮಾಡುವಾಗ ತುದಿಯಲ್ಲಿ ಅಂಟಿಕೊಂಡ ಒಂದು ಖಾಲಿ ಜಾಗವೇ ಇದಕ್ಕೆ ಕಾರಣ. ಈ ಸಂಖ್ಯೆಗಳನ್ನು ಓದಲು ಒಂದು ಸ್ಥೂಲ ಸೂತ್ರವಿದೆ: ನಾಲ್ಕರಿಂದ ಆರಂಭವಾಗುವ ಸಂಖ್ಯೆ ಬಂದರೆ ನೀವು ಕಳಿಸಿದ ಕೋರಿಕೆಯಲ್ಲಿ ದೋಷ; ಐದರಿಂದ ಆರಂಭವಾದರೆ ಕೋರಿಕೆ ಸ್ವೀಕರಿಸಿದವರ ಕಡೆ ತೊಂದರೆ. ಮೊದಲನೆಯದನ್ನು ಎಷ್ಟು ಸಲ ಮತ್ತೆ ಕಳಿಸಿದರೂ ಫಲವಿಲ್ಲ, ತಿದ್ದಬೇಕು. ಎರಡನೆಯದನ್ನು ಸ್ವಲ್ಪ ತಡೆದು ಮತ್ತೆ ಕಳಿಸಬಹುದು.

ರಹಸ್ಯ ಕೀಲಿಯನ್ನು ಪರದೆಯ ಪುಟದಲ್ಲಿ ಎಂದೂ ಬರೆಯಬಾರದು. ಯಾವ ಗಿರಾಕಿ ಬೇಕಾದರೂ ಪುಟದ ಮೂಲವನ್ನು ತೆರೆದು ಅದನ್ನು ಓದಬಹುದು. ಪರೀಕ್ಷೆಯ ಕಾಲದಲ್ಲಿ 'ಆಮೇಲೆ ತೆಗೆದರಾಯಿತು' ಎಂದು ಇಟ್ಟದ್ದು ಆಮೇಲೆಯೂ ಅಲ್ಲೇ ಇರುತ್ತದೆ.

ಮುಂದಿನದು ಮೊತ್ತ. ಭಾರತದ ಕೆಲವು ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ. ರೇಜರ್‌ಪೇ ಅಂಥದೊಂದು. ಅಲ್ಲಿ 350 ರೂಪಾಯಿಗೆ 35000 ಎಂದು ಬರೆಯಬೇಕು. 350 ಎಂದೇ ಬರೆದರೆ ಉಪ್ಪಿನಕಾಯಿಯ ಬಾಟಲಿ ಮೂರೂವರೆ ರೂಪಾಯಿಗೆ ಮಾರಾಟವಾಗುತ್ತದೆ, ದೋಷದ ಸಂದೇಶ ಯಾವುದೂ ಬರುವುದಿಲ್ಲ! ಎಲ್ಲವೂ ಹಸಿರು. ಇಂಥ ತಪ್ಪು ಕೆಂಪು ತಪ್ಪಿಗಿಂತ ಅಪಾಯಕಾರಿ. ಹಾಗೆಯೇ ಪೈಸೆಯುಳ್ಳ ಬೆಲೆಗಳಲ್ಲಿ ಗಣಕದ ಒಂದು ಚಾಳಿ ತಲೆಹಾಕುತ್ತದೆ. 19.99ನ್ನು 100ರಿಂದ ಗುಣಿಸಿದರೆ ನಮಗೆ 1999. ಆದರೆ ದಶಮಾಂಶವನ್ನು ಎರಡರ ಘಾತಗಳಲ್ಲಿ ಬರೆದಿಡುವ ಗಣಕಕ್ಕೆ ಅದು 1998.9999999999998. ಭಿನ್ನಾಂಶವನ್ನು ಕತ್ತರಿಸಿದರೆ 1998 ಉಳಿದು ಒಂದು ಪೈಸೆ ಮಾಯ. ಆಗ ಅಂಗಡಿಯ ಲೆಕ್ಕಕ್ಕೂ ಗೇಟ್‌ವೇ ಲೆಕ್ಕಕ್ಕೂ ತಾಳೆಯಾಗದೆ ಪಾವತಿಯೇ ತಿರಸ್ಕೃತವಾಗಬಹುದು. ಬೆಲೆಗಳನ್ನು ಮೊದಲಿನಿಂದಲೇ ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಂಡರೆ ಈ ಗೋಜಿಲ್ಲ. ಅಂದಹಾಗೆ ಮೊತ್ತವನ್ನು ಸರ್ವರೇ ನಿರ್ಧರಿಸಬೇಕು. ಗಿರಾಕಿಯ ಪರದೆಯಿಂದ ಬಂದ ಮೊತ್ತವನ್ನು ನಂಬಿದರೆ ಯಾರಾದರೂ ಅದನ್ನು ಒಂದು ರೂಪಾಯಿಗೆ ತಿದ್ದಿಯಾರು.

ಪರೀಕ್ಷೆಗೆಂದೇ ಗೇಟ್‌ವೇಯವರು ಕೆಲವು ಕಾರ್ಡ್ ಸಂಖ್ಯೆಗಳನ್ನು ಪ್ರಕಟಿಸಿರುತ್ತಾರೆ. (ನಮ್ಮ ವೃತ್ತಿಯಲ್ಲಿ ಟೆಸ್ಟ್ ಕಾರ್ಡ್ ಎಂದರೆ ಪ್ರಸಾರಕ್ಕೆ ಮುನ್ನ ಪರದೆಯ ಮೇಲೆ ನಿಲ್ಲುತ್ತಿದ್ದ ವೃತ್ತ ಮತ್ತು ಗೆರೆಗಳ ಚಿತ್ರ. ಹೆಸರೂ ಒಂದೇ, ಕೆಲಸವೂ ಹೆಚ್ಚುಕಡಿಮೆ ಒಂದೇ.) 4111 1111 1111 1111 ಇವುಗಳಲ್ಲಿ ಪ್ರಸಿದ್ಧವಾದದ್ದು. ಇದು ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆಯಲ್ಲ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬುವರು 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1960ರಲ್ಲಿ ಪಡೆದ ಒಂದು ಸರಳ ತಾಳೆಯನ್ನು ಇಂದಿಗೂ ಕಾರ್ಡುಗಳು ಬಳಸುತ್ತವೆ. ಬಲತುದಿಯಿಂದ ಎಣಿಸುತ್ತ ಒಂದು ಬಿಟ್ಟು ಒಂದು ಅಂಕಿಯನ್ನು ದ್ವಿಗುಣಗೊಳಿಸಿ, ಒಂಬತ್ತನ್ನು ಮೀರಿದರೆ ಅದರಿಂದ ಒಂಬತ್ತು ಕಳೆಯಿರಿ, ಎಲ್ಲವನ್ನೂ ಕೂಡಿ. ಮೊತ್ತ ಹತ್ತರಿಂದ ಭಾಗವಾಗಬೇಕು. ಮೇಲಿನ ಸಂಖ್ಯೆಯಲ್ಲಿ 4 ಎಂಬುದು 8 ಆಗುತ್ತದೆ, ಏಳು ಒಂದುಗಳು ಎರಡಾಗಿ 14, ಹಾಗೇ ಉಳಿದ ಎಂಟು ಒಂದುಗಳಿಂದ 8, ಒಟ್ಟು 30. ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಿ. ಒಂದಂಕಿ ತಪ್ಪಿ ಬರೆದರೂ ಈ ತಾಳೆ ಕೆಡುತ್ತದೆ, ಕೋರಿಕೆ ಬ್ಯಾಂಕಿನವರೆಗೆ ಹೋಗದೆ ಹೊಸ್ತಿಲಲ್ಲೇ ನಿಲ್ಲುತ್ತದೆ. ಪರೀಕ್ಷಾ ಸ್ಥಿತಿಯಲ್ಲಿ ನಿಮ್ಮ ನಿಜವಾದ ಕಾರ್ಡ್ ನಡೆಯದು, ನಿಜ ಸ್ಥಿತಿಯಲ್ಲಿ ಈ ಕಾರ್ಡ್ ನಡೆಯದು. ಇದು ದೋಷವಲ್ಲ, ಇರಬೇಕಾದದ್ದೇ ಹಾಗೆ.

ಪರೀಕ್ಷೆ ಮಾಡುವವರು ಯಶಸ್ಸಿನ ದಾರಿಯನ್ನು ಹತ್ತು ಸಲ ನಡೆಯುತ್ತಾರೆ, ಸೋಲಿನ ದಾರಿಯನ್ನು ಒಮ್ಮೆಯೂ ತುಳಿಯುವುದಿಲ್ಲ. ಬೇಕೆಂದೇ ಸೋಲುವ ಕಾರ್ಡನ್ನೂ, ಬೇಕೆಂದೇ ಸೋಲುವ ಯುಪಿಐ ವಿಳಾಸವನ್ನೂ ಕೊಟ್ಟಿರುವುದೇ ಇದಕ್ಕಾಗಿ. ಹಣ ಕೊಡುವ ಕಿಟಕಿಯನ್ನು ಅರ್ಧದಲ್ಲಿ ಮುಚ್ಚಿ ನೋಡಿ. ಓಟಿಪಿ ಪುಟ ಬಂದಾಗ ಫೋನಿನ ಇಂಟರ್ನೆಟ್ ಆರಿಸಿ ನೋಡಿ. 'ಹಿಂದಕ್ಕೆ' ಎಂಬ ಗುಂಡಿ ಒತ್ತಿ, ಮತ್ತೆ ಹಣ ಕೊಟ್ಟು ನೋಡಿ. ಅಂಗಡಿಯ ಪುಸ್ತಕದಲ್ಲಿ ಆಗ ಏನು ಬರೆದಿದೆ?

ಓಟಿಪಿ ಎಂದಾಗ ನೆನಪಾಯಿತು. ಅಂತರಜಾಲದ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕು 2009ರಿಂದಲೇ ಕಡ್ಡಾಯ ಮಾಡಿದೆ. ಇದಕ್ಕಾಗಿ ಗಿರಾಕಿ ಹಲವು ಸಲ ನಿಮ್ಮ ತಾಣವನ್ನು ಬಿಟ್ಟು ಬ್ಯಾಂಕಿನ ಪುಟಕ್ಕೆ ಹೋಗಿ ಮರಳುತ್ತಾನೆ. ಮರಳಿದಾಗ ಅಂಗಡಿ ಅವನನ್ನು ಗುರುತಿಸದೆ 'ನೀವು ಯಾರು, ಲಾಗಿನ್ ಆಗಿ' ಎಂದರೆ? ಬುಟ್ಟಿ ಖಾಲಿ, ಹಣ ಹೋಗಿದೆ. ಗಿರಾಕಿಯ ಗುರುತನ್ನು ಬ್ರೌಸರ್ ಒಂದು ಸಣ್ಣ ಚೀಟಿಯಲ್ಲಿ ಇಡುತ್ತದೆ, ಕುಕಿ ಎನ್ನುತ್ತಾರೆ. ಬೇರೆ ತಾಣದಿಂದ ಪೋಸ್ಟ್ ವಿಧಾನದಲ್ಲಿ ಮರಳುವಾಗ ಈ ಚೀಟಿಯನ್ನು ತಾನಾಗಿ ಜೊತೆಗೆ ಕಳಿಸದಿರುವ ನಿಯಮವನ್ನು ಕ್ರೋಮ್ ಬ್ರೌಸರ್ 2020ರಲ್ಲಿ ತಂದಿತು. ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಹಳೆಯ ತಂತ್ರಾಂಶ ಬಳಸುವ ಅಂಗಡಿಗಳಲ್ಲಿ ಈ ತೊಂದರೆ ಇನ್ನೂ ಕಾಣುತ್ತದೆ. ಮರಳುವ ಪುಟ ಗಿರಾಕಿಯನ್ನು ಚೀಟಿಯಿಂದ ಗುರುತಿಸದೆ ಆರ್ಡರ್ ಸಂಖ್ಯೆಯಿಂದ ಗುರುತಿಸುವಂತೆ ಬರೆದರೆ ಇದರ ಕಾಟ ತಪ್ಪುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೊಂಡಿಗೆ ಬರೋಣ. ಹಣ ಬಂತೆಂಬ ಸುದ್ದಿ ಅಂಗಡಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗಿರಾಕಿಯ ಬ್ರೌಸರ್ ಮೂಲಕ. ಗಿರಾಕಿಯ ಫೋನಿನ ಚಾರ್ಜ್ ಮುಗಿದರೆ, ಬಸ್ಸು ಘಟ್ಟದ ತಿರುವಿನಲ್ಲಿ ಸಿಗ್ನಲ್ ಕಳೆದುಕೊಂಡರೆ ಈ ಸುದ್ದಿ ಬಾರದು. ಇನ್ನೊಂದು, ಗೇಟ್‌ವೇ ತಾನಾಗಿಯೇ ನಿಮ್ಮ ಸರ್ವರಿಗೆ ಕಳಿಸುವ ಸುದ್ದಿ. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ಮೊದಲನೆಯದನ್ನು ಮಾತ್ರ ನಂಬಿ ಕಟ್ಟಿದ ಅಂಗಡಿ ಮನೆಯ ವೈಫೈನಲ್ಲಿ ಕುಳಿತು ಮಾಡಿದ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗುತ್ತದೆ. ಹೊರಗಿನ ಲೋಕದಲ್ಲಿ ಸೋಲುತ್ತದೆ. ನಮ್ಮ ಸಂಘದ ಹತ್ತು ಗಿರಾಕಿಗಳ ಹಣ ಕಾಣೆಯಾಗುವುದು ಬಹುಶಃ ಇಲ್ಲೇ.

ವೆಬ್‌ಹುಕ್ ಬಾರದಿದ್ದರೆ ಏನೇನು ನೋಡಬೇಕು? ನಿಮ್ಮ ಮೇಜಿನ ಮೇಲಿನ ಗಣಕದಲ್ಲಿ ಅಂಗಡಿ ನಡೆಯುತ್ತಿದ್ದರೆ ಹೊರಗಿನವರಿಗೆ ಅದರ ವಿಳಾಸ ಗೊತ್ತಿರುವುದಿಲ್ಲ. ಎನ್‌ಗ್ರಾಕ್‌ನಂಥ ಸುರಂಗ ಸೌಲಭ್ಯ ಬಳಸಿ ತಾತ್ಕಾಲಿಕ ವಿಳಾಸ ಪಡೆಯಬೇಕು. ಸರ್ವರಿನ ಮುಂದಿರುವ ಕಾವಲು ತಂತ್ರಾಂಶ ಅಪರಿಚಿತ ಸುದ್ದಿಯೆಂದು ಅದನ್ನು ಹೊರಗಟ್ಟಿರಬಹುದು. ಆಗ ಗೇಟ್‌ವೇಯ ಫಲಕದಲ್ಲಿ 403 ಎಂದು ದಾಖಲಾಗಿರುತ್ತದೆ. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಸುದ್ದಿ ಬಾಗಿಲಲ್ಲೇ ನಿಲ್ಲುತ್ತದೆ. ಪರೀಕ್ಷಾ ಸ್ಥಿತಿಯ ವೆಬ್‌ಹುಕ್ ಬೇರೆ, ನಿಜ ಸ್ಥಿತಿಯದು ಬೇರೆ. ಮೊದಲನೆಯದನ್ನು ಅಳವಡಿಸಿ ಎರಡನೆಯದನ್ನು ಮರೆಯುವುದು ತೀರ ಸಾಮಾನ್ಯ.

ಸುದ್ದಿ ಬಂದರೂ 'ಸಹಿ ತಾಳೆಯಾಗಲಿಲ್ಲ' ಎನ್ನುವುದುಂಟು. ಸುದ್ದಿ ಗೇಟ್‌ವೇಯಿಂದಲೇ ಬಂತು, ಯಾರೋ ಕಿಡಿಗೇಡಿ ಕಳಿಸಿದ್ದಲ್ಲ ಎಂಬುದಕ್ಕೆ ಅದರ ಜೊತೆ ಒಂದು ಗಣಿತದ ಸಹಿ ಇರುತ್ತದೆ. ಸುದ್ದಿಯ ಅಕ್ಷರಗಳನ್ನೂ ನಿಮ್ಮಿಬ್ಬರಿಗೇ ತಿಳಿದ ರಹಸ್ಯ ಪದವನ್ನೂ ಬೆರೆಸಿ ಕಡೆದು ತೆಗೆದ ಸಾರ ಅದು. ಒಂದು ಖಾಲಿ ಜಾಗ ಹೆಚ್ಚಾದರೂ ಸಾರ ಪೂರ್ತಿ ಬದಲಾಗುತ್ತದೆ. ಆದ್ದರಿಂದ ಬಂದ ಸುದ್ದಿಯನ್ನು ಬಿಡಿಸಿ, ಮತ್ತೆ ಜೋಡಿಸಿ, ಆಮೇಲೆ ಸಹಿ ನೋಡಿದರೆ ತಾಳೆಯಾಗದು. ಬಂದದ್ದನ್ನು ಬಂದ ಹಾಗೆಯೇ ಇಟ್ಟು ಮೊದಲು ಸಹಿ ನೋಡಬೇಕು. ಬೇಸತ್ತು ಸಹಿಯ ಪರೀಕ್ಷೆಯನ್ನೇ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಿದ ಅಂಗಡಿಗೆ ಯಾರು ಬೇಕಾದರೂ 'ಹಣ ಬಂದಿದೆ' ಎಂದು ಸುಳ್ಳು ಸುದ್ದಿ ಕಳಿಸಿ ಉಪ್ಪಿನಕಾಯಿ ತರಿಸಿಕೊಳ್ಳಬಹುದು.

ಇನ್ನೊಂದು ಸೂಕ್ಷ್ಮ. ನೀವು 'ಮುಟ್ಟಿತು' ಎಂದು ಬೇಗ ಉತ್ತರಿಸದಿದ್ದರೆ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಪ್ರತಿ ಸುದ್ದಿಗೂ ಒಂದೊಂದು ಬಾಟಲಿ ಕಟ್ಟಿದರೆ ಸಂಘದ ಗತಿ? ಪಾವತಿ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅದು ಈಗಾಗಲೇ ಇದ್ದರೆ ಸುಮ್ಮನಿರುವಂತೆ ಮಾಡಬೇಕು. ಪರೀಕ್ಷಿಸುವುದೂ ಸುಲಭ: ಒಂದೇ ಸುದ್ದಿಯನ್ನು ಬೇಕೆಂದೇ ಮೂರು ಸಲ ಕಳಿಸಿ, ಎಷ್ಟು ಆರ್ಡರ್ ಹುಟ್ಟಿತೆಂದು ಎಣಿಸಿ. ಸುದ್ದಿಗಳು ಸಾಲಾಗಿಯೇ ಬರುತ್ತವೆಂಬ ಭರವಸೆಯೂ ಇಲ್ಲ. ಮೊದಲ ಯತ್ನ ಸೋತು ಎರಡನೆಯದು ಗೆದ್ದಾಗ, ಗೆದ್ದ ಸುದ್ದಿ ಮೊದಲು ಬಂದು ಸೋತ ಸುದ್ದಿ ಆಮೇಲೆ ಬರಬಹುದು. ತಡವಾಗಿ ಬಂದ ಸೋಲು ಮೊದಲೇ ಬಂದ ಗೆಲುವನ್ನು ಅಳಿಸದಂತೆ ನೋಡಿಕೊಳ್ಳಬೇಕು.

ಯಶಸ್ಸು, ಸೋಲು ಇವೆರಡಲ್ಲದೆ 'ಬಾಕಿ' ಎಂಬ ಮೂರನೆಯ ಸ್ಥಿತಿಯೂ ಇದೆಯೆಂಬುದನ್ನು ಅನೇಕ ಅಂಗಡಿಗಳು ಒಪ್ಪುವುದೇ ಇಲ್ಲ. ಯುಪಿಐ ಪಾವತಿಯಲ್ಲಿ ಬ್ಯಾಂಕಿನ ಉತ್ತರ ತಡವಾದಾಗ ಹೀಗಾಗುತ್ತದೆ. ಆಗ 'ಸೋತಿತು, ಇನ್ನೊಮ್ಮೆ ಹಣ ಕೊಡಿ' ಎಂದರೆ ಗಿರಾಕಿಯ ಹಣ ಎರಡು ಸಲ ಹೋಗಬಹುದು. 'ನಿಮ್ಮ ಬ್ಯಾಂಕಿನ ಉತ್ತರಕ್ಕಾಗಿ ಕಾಯುತ್ತಿದ್ದೇವೆ, ದಯವಿಟ್ಟು ಮತ್ತೆ ಹಣ ಕೊಡಬೇಡಿ' ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ ಎಷ್ಟೋ ಜಗಳ ತಪ್ಪೀತು. ಆಮೇಲೆ ಅಂಗಡಿಯೇ ಗೇಟ್‌ವೇಯನ್ನು ಕೇಳಿ ಸ್ಥಿತಿ ತಿಳಿದುಕೊಳ್ಳಬೇಕು.

ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಮುಟ್ಟದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ಮರಳಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಕಾರ್ಡಿಗೂ ಯುಪಿಐ ವ್ಯಾಪಾರಿ ಪಾವತಿಗೂ ಇದು ಅನ್ವಯ. ಇದನ್ನು ನಂಬಿ ಅಂಗಡಿಯವರು ನಿಶ್ಚಿಂತರಾಗಿರುವುದು ಸರಿಯಲ್ಲ. ಗೇಟ್‌ವೇಯ ಲೆಕ್ಕದಲ್ಲಿ ಪಾವತಿ ಯಶಸ್ವಿಯಾಗಿ ದಾಖಲಾಗಿ, ಸುದ್ದಿ ಎಡವಿದ್ದು ನಿಮ್ಮ ಸರ್ವರಿನ ಬಾಗಿಲಲ್ಲಿ ಎಂದಾದರೆ ಬ್ಯಾಂಕಿನ ದೃಷ್ಟಿಯಲ್ಲಿ ಸೋತದ್ದು ಏನೂ ಇಲ್ಲ. ಅಂಥ ಹಣವನ್ನು ಗುರುತಿಸಿ ವಸ್ತು ಕಳಿಸುವ ಅಥವಾ ಹಣ ಮರಳಿಸುವ ಹೊಣೆ ಅಂಗಡಿಯದೇ. ಆರಂಭದ ವಾರಗಳಲ್ಲಿ ದಿನವೂ ಸಂಜೆ ಗೇಟ್‌ವೇಯ ಪಟ್ಟಿಯನ್ನೂ ಸಂಘದ ಆರ್ಡರ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಓದಲು ಒಬ್ಬರನ್ನು ನೇಮಿಸಿ. ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಲೆಕ್ಕ ಬರೆಯುವ ಯಾರಾದರೂ ಸಾಕು.

ಪರೀಕ್ಷಾ ಸ್ಥಿತಿಯಲ್ಲಿ ಎಲ್ಲ ಸರಿಯಾದರೂ ನಿಜದ ಬ್ಯಾಂಕನ್ನು ನೀವು ಇನ್ನೂ ಭೇಟಿ ಮಾಡಿಲ್ಲ. ಅದರ ಉತ್ತರಗಳು ಐಎಸ್‌ಒ 8583 ಎಂಬ ಮಾನಕದ ಸಂಕೇತಗಳಲ್ಲಿ ಇರುತ್ತವೆ: 51 ಎಂದರೆ ಖಾತೆಯಲ್ಲಿ ಹಣ ಸಾಲದು, 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ, 91 ಎಂದರೆ ಬ್ಯಾಂಕಿನ ವ್ಯವಸ್ಥೆ ಸಿಗುತ್ತಿಲ್ಲ. 05 ಮಾತ್ರ ಒಗಟು. 'ಒಪ್ಪಬೇಡಿ' ಎಂದಷ್ಟೇ ಅರ್ಥ, ಕಾರಣವನ್ನು ಗಿರಾಕಿ ತನ್ನ ಬ್ಯಾಂಕಿನಲ್ಲೇ ಕೇಳಬೇಕು. ಯುಪಿಐಯಲ್ಲಿ ಜೆಡ್9 ಎಂದರೆ ಹಣದ ಕೊರತೆ, ಜೆಡ್‌ಎಂ ಎಂದರೆ ಪಿನ್ ತಪ್ಪು. ಇವು ಯಾವುವೂ ನಿಮ್ಮ ಕಾರ್ಯಕ್ರಮದ ದೋಷಗಳಲ್ಲ. ಇವನ್ನು ಸರಿಪಡಿಸುತ್ತೇನೆಂದು ರಾತ್ರಿಯೆಲ್ಲ ಕೂರಬೇಡಿ. ದೋಷ ಹುಡುಕುವ ಭರದಲ್ಲಿ ಕಾರ್ಡ್ ಸಂಖ್ಯೆಗಳನ್ನು ದಾಖಲೆಯಲ್ಲಿ ಬರೆದಿಡುವುದೂ ಬೇಡ. 2022ರ ಅಕ್ಟೋಬರ್ 1ರಿಂದ ಕಾರ್ಡಿನ ಪೂರ್ಣ ವಿವರವನ್ನು ವ್ಯಾಪಾರಿಗಳು ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ ಸಾಕು.

ತೆರೆಯುವ ಮುನ್ನಾದಿನ ನಿಜದ ಕೀಲಿ ಹಾಕಿ, ನಿಮ್ಮವರೇ ನಾಲ್ವರು ಬೇರೆ ಬೇರೆ ಬ್ಯಾಂಕಿನ ಖಾತೆಗಳಿಂದ, ಬೇರೆ ಬೇರೆ ಫೋನುಗಳಿಂದ ಸಣ್ಣ ಮೊತ್ತದ ಖರೀದಿ ಮಾಡಿ. ಒಂದನ್ನಾದರೂ ವೈಫೈ ಇಲ್ಲದೆ, ಸಿಗ್ನಲ್ ಕ್ಷೀಣವಾದ ಜಾಗದಲ್ಲಿ ಮಾಡಿ. ಆಮೇಲೆ ಹಣವನ್ನು ಮರಳಿಸುವ ವಿಧಾನವನ್ನೂ ನಡೆಸಿ ನೋಡಿ. ಅದು ಕೆಲವು ದಿನ ಹಿಡಿಯುವುದರಿಂದ ಈ ಕೆಲಸವನ್ನು ಒಂದು ವಾರ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಸಂಘದ ಖಾತೆಗೆ ಬರುವ ಮೊತ್ತದಲ್ಲಿ ಗೇಟ್‌ವೇಯ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಕಳೆದಿರುತ್ತದೆ, ಅದನ್ನು ಕಳವೆಂದು ತಿಳಿಯಬೇಡಿ.

ಇಷ್ಟಾದರೂ ಬಗೆಹರಿಯದ ತೊಂದರೆಯನ್ನು ಗೇಟ್‌ವೇಯ ಸಹಾಯ ವಿಭಾಗಕ್ಕೆ ಬರೆಯಬೇಕಾಗುತ್ತದೆ. 'ಪಾವತಿ ಆಗುತ್ತಿಲ್ಲ, ತುರ್ತು' ಎಂದು ಬರೆದ ಪತ್ರಕ್ಕೆ 'ವಿವರ ಕಳಿಸಿ' ಎಂಬ ಉತ್ತರವೇ ಬರುವುದು. ಒಂದು ದಿನ ಹಾಳು. ಆರ್ಡರ್ ಸಂಖ್ಯೆ, ಪಾವತಿ ಸಂಖ್ಯೆ, ಸ್ಥಿತಿ ಪರೀಕ್ಷೆಯದೋ ನಿಜದ್ದೋ, ಬಂದ ದೋಷದ ಸಾಲು ಅಕ್ಷರ ಬಿಡದೆ ಇಷ್ಟನ್ನು ಮೊದಲ ಪತ್ರದಲ್ಲೇ ಬರೆಯಿರಿ. ರಹಸ್ಯ ಕೀಲಿಯನ್ನು ಮಾತ್ರ ಯಾರು ಕೇಳಿದರೂ ಬರೆಯಬೇಡಿ. ಘಟನೆಯ ಸಮಯ ಬರೆಯುವಾಗ ಅದು ಭಾರತೀಯ ಕಾಲಮಾನವೆಂದು ಸೇರಿಸಿ. ಸರ್ವರುಗಳು ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿ ದಾಖಲಿಸುತ್ತವೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಸೋಮವಾರ ಬೆಳಗಿನ ಐದು ಗಂಟೆಯ ಪಾವತಿಯನ್ನು ಅವರು ಹುಡುಕಬೇಕಾದದ್ದು ಭಾನುವಾರ ರಾತ್ರಿ ಹನ್ನೊಂದೂವರೆಯ ಪುಟದಲ್ಲಿ.